ವಾರ, ತಾರೀಖು, ಹೊತ್ತು ಹೇಳುವ ಗಡಿಯಾರ: ತಲೆಗೆ ಪೆಟ್ಟಾದವರ ಮನೆಯಲ್ಲಿ ಬಳಸಿ ನೋಡಿದ್ದು

ಇದು ಎಂಟು ಇಂಚಿನ ಪರದೆ ಇರುವ ಡಿಜಿಟಲ್ ಗಡಿಯಾರ. ನೋಡೋಕೆ ಫೋಟೊ ಫ್ರೇಮ್ ಥರ ಇದೆ. ಟೈಮ್ ಜೊತೆಗೆ ವಾರ, ತಾರೀಖು, ತಿಂಗಳು, ವರ್ಷ ತೋರಿಸುತ್ತದೆ. ಈಗ ಬೆಳಿಗ್ಗೆಯೋ, ಮಧ್ಯಾಹ್ನವೋ, ಸಂಜೆಯೋ, ರಾತ್ರಿಯೋ ಅಂತಲೂ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಆನ್‌ಲೈನ್‌ನಲ್ಲಿ ಇದನ್ನು ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಅಂತ ಮಾರುತ್ತಾರೆ. ನಾನು ತರಿಸಿದ್ದು ಅಪ್ಪಯ್ಯನಿಗೆ. ಅವರದ್ದು ವಯಸ್ಸಿನ ಮರೆವಲ್ಲ. ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾಗಿ, ಆಮೇಲೆ ಉಳಿದುಕೊಂಡ ಮರೆವು.

ನಾಲ್ಕು ಸಾವಿರಕ್ಕೆ ಸ್ವಲ್ಪ ಕಮ್ಮಿ ಕೊಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ್ದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದ್ದೆ, ಸಿಗಲಿಲ್ಲ. ಇಂಗ್ಲಿಷಿನಲ್ಲಿ ಓದಿದ್ದರಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು ಅಂತಾಗಲೀ, ಕನ್ನಡ ಮಾತ್ರ ಓದುವವರಿಗೆ ಇದು ಆಗುತ್ತದಾ ಅಂತಾಗಲೀ ಇರಲಿಲ್ಲ. ನಮ್ಮ ಹಾಗಿನ ಮನೆಗಳಿಗೆ ಮೊದಲು ಬೇಕಾಗುವುದೇ ಅದು. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ಇರುವವರಿಗೆ ಗೊತ್ತು, ಕೊಳೆ ರೋಗ ಬರಬಾರದು ಅಂದರೆ ಮಳೆ ಹಿಡಿಯುವ ಮುಂಚೆ ಒಂದು ಸಲ ಮರಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬೇಕು. ಆಮೇಲೆ ಮಳೆಗಾಲದ ನಡುವೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ. ಆ ಎರಡನೇ ಸಲಕ್ಕೆ ಜನ ಸಿಗಲಿಲ್ಲ. ಅಪ್ಪಯ್ಯ ತಾವೇ ಮರ ಹತ್ತಿದರು. ಮರಕ್ಕೆ ಪಾಚಿ ಹಿಡಿದಿತ್ತು, ಕಾಲು ಜಾರಿತು.

ಶಿವಮೊಗ್ಗ ಮುಟ್ಟಿದಾಗ ಡಾಕ್ಟರು ‘ಜಿಸಿಎಸ್ 7’ ಅಂದರು. ಆಗ ಅರ್ಥ ಆಗಲಿಲ್ಲ. ಆಮೇಲೆ ತಿಳಿಯಿತು, ಅದು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ಮಾಡಿದ್ದು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಪೆಟ್ಟು ತೀವ್ರವಾದದ್ದು ಅಂತ ಲೆಕ್ಕ. ಮೆದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮಾಡಿ ಅದನ್ನು ತೆಗೆದರು. ಊದಿದ ಮೆದುಳಿಗೆ ಜಾಗ ಬೇಕು ಅಂತ ತಲೆಬುರುಡೆಯ ಒಂದು ತುಂಡನ್ನು ತೆಗೆದು, ಅದು ಹಾಳಾಗದ ಹಾಗೆ ಹೊಟ್ಟೆಯ ಚರ್ಮದ ಕೆಳಗೆ ಇಟ್ಟರು. ಕೆಲವು ತಿಂಗಳು ಕಳೆದ ಮೇಲೆ ತಿರುಗಿ ಕೂರಿಸಿದರು. ಐಸಿಯುನಲ್ಲಿ ಕಳೆದ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಅಪ್ಪಯ್ಯ ಉಳಿದರು. ನಡೆಯುತ್ತಾರೆ, ಊಟ ಮಾಡುತ್ತಾರೆ, ಮಾತಾಡುತ್ತಾರೆ. ಕೂದಲು ಬೆಳೆದ ಮೇಲೆ ಹೊಲಿಗೆಯ ಗುರುತೂ ಕಾಣುವುದಿಲ್ಲ. ಬಂದವರೆಲ್ಲ “ಏನೂ ಆಗೇ ಇಲ್ಲ ಅನ್ನೋ ಹಾಗಿದಾರಲ್ಲ, ದೇವರು ದೊಡ್ಡವನು” ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಅವರು ಹೋದ ಮೇಲೆ ಮನೆಯೊಳಗೆ ನಡೆಯುವುದು ಬೇರೆ.

ಮೂವತ್ತು ವರ್ಷದ ಹಿಂದೆ ಯಾವ ಮಂಡಿಯಲ್ಲಿ ರಾಶಿ ಇಡಿ ಅಡಿಕೆಗೆ ಏನು ರೇಟ್ ಸಿಕ್ಕಿತ್ತು ಅಂತ ಅಪ್ಪಯ್ಯ ಈಗಲೂ ಹೇಳುತ್ತಾರೆ. ತೋಟದ ಯಾವ ಸಾಲಿನಲ್ಲಿ ಯಾವ ಗಿಡ ಯಾರು ನೆಟ್ಟಿದ್ದು ಅಂತ ಹೇಳುತ್ತಾರೆ. ಬೆಳಿಗ್ಗೆ ತಿಂಡಿ ತಿಂದಿದ್ದು ಗೊತ್ತಿರುವುದಿಲ್ಲ. ಹೊಸದಾಗಿ ಆಗಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಕೆಲವು ಸಲ “ಈಗಷ್ಟೇ ತೋಟಕ್ಕೆ ಹೋಗಿ ಬಂದೆ, ಕಾಲುವೆ ಕಟ್ಟಿದೆ” ಅಂತಾರೆ. ಜಗಲಿ ಬಿಟ್ಟು ಇಳಿದೇ ಇರುವುದಿಲ್ಲ. ಇದು ಸುಳ್ಳು ಹೇಳುವುದಲ್ಲ. ನೆನಪಿನಲ್ಲಿ ಖಾಲಿ ಬಿದ್ದ ಜಾಗವನ್ನು ಮೆದುಳು ತನಗೆ ಗೊತ್ತಿರುವ ಹಳೆಯ ದಿನದಿಂದ ತುಂಬಿಕೊಳ್ಳುತ್ತದೆ. ಅವರ ಮಟ್ಟಿಗೆ ಅದು ನಿಜವಾಗಿ ನಡೆದಿದ್ದು. ನೆಂಟರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಕಷ್ಟ.

ಅದರ ಜೊತೆಗೆ ಸಿಟ್ಟು. ತಲೆ ಜೋರಾಗಿ ಅಪ್ಪಳಿಸಿದಾಗ ಮೆದುಳಿನ ಮುಂಭಾಗ ಒಳಗಿನ ಒರಟು ಎಲುಬಿಗೆ ತಾಗುತ್ತದೆ. ತಾಳ್ಮೆ, ತಡೆದುಕೊಳ್ಳುವುದು, ಒಂದು ಕೆಲಸ ತಾನಾಗೇ ಶುರು ಮಾಡುವುದು, ಎಲ್ಲ ಆ ಜಾಗದ ಕೆಲಸ. ಯಾರ ಮೇಲೂ ದನಿ ಎತ್ತಿದವರಲ್ಲ ನಮ್ಮ ಅಪ್ಪಯ್ಯ. ಈಗ ಚಮಚ ಕೆಳಗೆ ಬಿದ್ದರೆ ಮನೆ ಹಾರುವ ಹಾಗೆ ಕೂಗುತ್ತಾರೆ. ಐದು ನಿಮಿಷಕ್ಕೆ ಅವರಿಗೆ ಮರೆತುಹೋಗುತ್ತದೆ. ಅಮ್ಮನಿಗೆ ಮರೆಯುವುದಿಲ್ಲ.

ಜಾಸ್ತಿ ಸಿಟ್ಟು ಬರುತ್ತಿದ್ದಿದ್ದು ಒಂದೇ ಪ್ರಶ್ನೆಯ ಸುತ್ತ. “ಇವತ್ತು ಯಾವ ವಾರನೆ?” ಅಮ್ಮ ಹೇಳುತ್ತಾಳೆ. ಹತ್ತು ನಿಮಿಷಕ್ಕೆ ತಿರುಗಿ ಅದೇ. ಅಮ್ಮ ಮತ್ತೆ ಹೇಳುತ್ತಾಳೆ. ನಾಲ್ಕನೇ ಸಲಕ್ಕೆ ಅವಳ ದನಿ ಸ್ವಲ್ಪ ಗಡುಸಾಗುತ್ತದೆ. ಕೇಳಿದ್ದು ಅವರಿಗೆ ನೆನಪಿಲ್ಲ, ದನಿ ಮಾತ್ರ ತಾಗುತ್ತದೆ. “ಕೇಳಿದ್ದಕ್ಕೆ ಯಾಕೆ ಹಾಗೆ ಹೇಳ್ತೀಯ? ನಾನೇನು ದಡ್ಡನಾ?” ಅಲ್ಲಿಂದ ಜಗಳ. ಒಂದು ಸಂಜೆ ಅಮ್ಮ ಹಿತ್ತಲಿಗೆ ಬಂದು ನನ್ನ ಹತ್ತಿರ ಹೇಳಿದಳು: “ನಾನು ಅವರ ಹೆಂಡತಿನೋ, ಟೀಚರೋ ಗೊತ್ತಾಗ್ತಿಲ್ಲ ಕಣೆ. ದಿನಾ ಬೆಳಗಾದ್ರೆ ಅವರನ್ನ ತಿದ್ದೋದೇ ಆಯ್ತು.” ಆ ಮಾತು ಕೇಳಿಯೇ ನಾನು ಈ ಗಡಿಯಾರ ಹುಡುಕಿದ್ದು.

ತರಿಸುವ ಮುಂಚೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸ ತಾವೇ ಮಾಡಿಕೊಳ್ಳೋಕೆ ತರಬೇತಿ ಕೊಡುವವರು) ಹತ್ತಿರ ಕೇಳಿದೆ. ಅವರು ಕೊಟ್ಟ ಸಲಹೆ ಗಡಿಯಾರಕ್ಕಿಂತ ದೊಡ್ಡದು, ಅದನ್ನು ಇಲ್ಲಿ ಹೇಳಲೇಬೇಕು. “ನೆನಪು ಮಾಡ್ಕೊಳ್ಳಿ ನೋಡೋಣ ಅಂತ ಪರೀಕ್ಷೆ ಮಾಡಬೇಡಿ” ಅಂದರು. ನಾವೆಲ್ಲ ಅಂದುಕೊಳ್ಳುವುದು ತಿರುಗಾಮುರುಗಾ ಕೇಳಿದರೆ ನೆನಪು ಗಟ್ಟಿಯಾಗುತ್ತದೆ ಅಂತ. ನೆನಪು ನಿಲ್ಲದವರ ವಿಷಯದಲ್ಲಿ ಅದು ಉಲ್ಟಾ. ಅವರು ಊಹೆ ಮಾಡಿ ತಪ್ಪು ಹೇಳಿದರೆ ಆ ತಪ್ಪೇ ಒಳಗೆ ಕೂತುಬಿಡುತ್ತದೆ. ಯಾಕೆಂದರೆ ಅದು ತಪ್ಪಾಗಿತ್ತು ಅನ್ನುವುದನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಪೆಟ್ಟು ತಿಂದಿರುತ್ತದೆ. ತಪ್ಪಿಗೆ ಅವಕಾಶ ಕೊಡದೆ ಸರಿಯಾದದ್ದನ್ನೇ ಕಣ್ಣಿಗೆ ಬೀಳಿಸಬೇಕು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಆದರೆ ನಮ್ಮ ಮನೆಗೆ ಬಂದವರೆಲ್ಲ ಮಾಡುವುದೇ ಪರೀಕ್ಷೆ. “ನಾನ್ಯಾರು ಹೇಳಿ ನೋಡುವಾ?” “ನಮ್ಮನೆ ಮದುವೆಗೆ ಬಂದಿದ್ದು ನೆನಪಿದ್ಯಾ?” ಅಪ್ಪಯ್ಯ ಮುಖ ಕೆಳಗೆ ಹಾಕಿಕೊಂಡು ಕೂರುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೋದ ತಕ್ಷಣ ನಿಮ್ಮ ಹೆಸರು ನೀವೇ ಹೇಳಿಬಿಡಿ. “ನಾನು ಕೆಳಮನೆ ಸುಬ್ಬಣ್ಣನ ಮಗ, ನಿಮ್ಮನ್ನ ನೋಡೋಕೆ ಬಂದೆ” ಅಂದರೆ ಅವರು ಮನೆಯ ಯಜಮಾನರ ಹಾಗೆ ಕೂರಿಸಿ ಮಾತಾಡಿಸುತ್ತಾರೆ.

ಈಗ ಗಡಿಯಾರ ಏನು ಮಾಡಿತು ಅಂತ ಹೇಳುತ್ತೇನೆ.

ಮಲೆನಾಡಿನ ಮಳೆಗಾಲದಲ್ಲಿ ಬೆಳಗಿನ ಆರೂ ಸಂಜೆಯ ಆರೂ ಒಂದೇ ಥರ ಇರುತ್ತವೆ. ಅದೇ ಮಬ್ಬು, ಅದೇ ಜೀರುಂಡೆ ಸದ್ದು, ಅದೇ ಹಂಚಿನ ಮೇಲೆ ಸುರಿಯುವ ಮಳೆ. ಅಪ್ಪಯ್ಯ ಮಧ್ಯಾಹ್ನ ಮಲಗಿದವರು ಸಂಜೆ ಎದ್ದರೆ ಬೆಳಗಾಯಿತು ಅಂದುಕೊಳ್ಳುತ್ತಿದ್ದರು. ಮುಳ್ಳಿನ ಗಡಿಯಾರದಲ್ಲಿ ಆರು ಗಂಟೆ. ಯಾವ ಆರು ಅಂತ ಅದು ಹೇಳುವುದಿಲ್ಲ. ಎದ್ದು ಬ್ರಷ್ ಹಿಡಿದುಕೊಂಡು ಬಚ್ಚಲಿಗೆ ಹೊರಡುತ್ತಿದ್ದರು. ಅಲ್ಲಿಂದ ಹಾಳೆಟೋಪಿ ಹುಡುಕುತ್ತಿದ್ದರು, ತೋಟಕ್ಕೆ ಹೋಗೋಕೆ. “ಈಗ ಸಾಯಂಕಾಲ” ಅಂತ ಅಮ್ಮ ಅಂದರೆ ನಂಬುತ್ತಿರಲಿಲ್ಲ. ತಡೆದರೆ ಕೈ ಕೊಡವುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಜಾರುವ ಅಂಗಳದಲ್ಲಿ ಅವರ ಹಿಂದೆ ಅಮ್ಮ ಕೊಡೆ ಹಿಡಿದು ಓಡುವುದು. ಇನ್ನೊಂದು ಸಲ ತಲೆಗೆ ಪೆಟ್ಟಾದರೆ ಏನು ಗತಿ ಅನ್ನುವ ಹೆದರಿಕೆ ಯಾವಾಗಲೂ ಇತ್ತು.

ಗಡಿಯಾರವನ್ನು ಅವರ ಮಂಚದ ಎದುರಿನ ಗೋಡೆಗೆ ಹಾಕಿದೆವು. ಯಾರೂ ಉತ್ತರ ಹೇಳಬಾರದು, ಎಲ್ಲರೂ ಒಂದೇ ಮಾತು ಹೇಳಬೇಕು ಅಂತ ಮನೆಯಲ್ಲಿ ಮಾತಾಡಿಕೊಂಡೆವು. “ಅಪ್ಪಯ್ಯ, ಗಡಿಯಾರ ನೋಡಿ.” ಅಮ್ಮ, ನಾನು, ತಮ್ಮ, ಕೆಲಸಕ್ಕೆ ಬರುವ ಅಕ್ಕ, ಎಲ್ಲರದ್ದೂ ಅದೇ ಮಾತು, ಅದೇ ದನಿ. ಶುರುವಿನಲ್ಲಿ ಪ್ರತಿ ಸಲ ಕೈ ತೋರಿಸಬೇಕಿತ್ತು. ಗಡಿಯಾರ ತಂದಿದ್ದೇ ಅವರಿಗೆ ನೆನಪಿರಲಿಲ್ಲ, “ಇದ್ಯಾವಾಗ ತಂದ್ರಿ?” ಅಂತ ದಿನಾ ಕೇಳುತ್ತಿದ್ದರು. ಆದರೆ ಅಭ್ಯಾಸ ಅನ್ನುವುದು ನೆನಪಿಗಿಂತ ಬೇರೆ ದಾರಿಯಲ್ಲಿ ಕೂರುತ್ತದೆ ಅಂತ ಥೆರಪಿಸ್ಟ್ ಹೇಳಿದ್ದು ಸರಿಯಾಗಿತ್ತು. ಕೆಲವು ವಾರ ಕಳೆಯಿತು. ಒಂದು ಸಂಜೆ ನಿದ್ದೆಯಿಂದ ಎದ್ದವರು ಬ್ರಷ್‌ಗೆ ಕೈ ಹಾಕುವ ಮುಂಚೆ ತಲೆ ಎತ್ತಿ ಗೋಡೆ ನೋಡಿದರು. ತುಟಿ ಆಡಿಸಿ ನಿಧಾನ ಓದಿಕೊಂಡರು. “ಓ, ಈವ್ನಿಂಗಾ” ಅಂದರು. ಕಾಲು ಇಳಿಬಿಟ್ಟುಕೊಂಡು ಮಂಚದ ಮೇಲೇ ಕೂತರು. “ಕಾಫಿ ಆಯ್ತೇನೆ?” ಅಂತ ಒಳಗೆ ಕೂಗಿದರು. ಅಮ್ಮ ಒಲೆ ಮುಂದೆ ನಿಂತವಳು ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಪ್ರಕಾರ ಈ ಗಡಿಯಾರದ ನಿಜವಾದ ಉಪಯೋಗ ಟೈಮ್ ಹೇಳುವುದಲ್ಲ. ತಿದ್ದುವ ಕೆಲಸವನ್ನು ಅಮ್ಮನ ಕೈಯಿಂದ ಅದು ತೆಗೆದುಕೊಂಡಿತು. ಹೆಂಡತಿ ತಿದ್ದಿದರೆ ಅಪ್ಪಯ್ಯನಿಗೆ ಅವಮಾನ. ಗೋಡೆ ನೋಡಿ ತಾವೇ ತಿಳಿದುಕೊಂಡರೆ ಮರ್ಯಾದೆ ಉಳಿಯುತ್ತದೆ. ಪ್ರಶ್ನೆ ಪೂರ್ತಿ ನಿಂತಿಲ್ಲ. ಸುಸ್ತಾದ ದಿನ, ನಿದ್ದೆ ಕೆಟ್ಟ ದಿನ, ಜ್ವರ ಬಂದ ದಿನ ತಿರುಗಿ ಶುರುವಾಗುತ್ತದೆ. ಪೆಟ್ಟಾದ ಮೆದುಳಿಗೆ ಸುಸ್ತು ಬೇಗ. ಆದರೆ ಜಗಳ ಕಮ್ಮಿಯಾಗಿದೆ. ನಮಗೆ ಅಷ್ಟು ಸಾಕಿತ್ತು.

ಇಂಥ ಹೊರಗಿನ ಸಹಾಯ ತಲೆಗೆ ಪೆಟ್ಟಾದವರಿಗೆ ಕೆಲಸ ಮಾಡುತ್ತದೆ ಅನ್ನುವುದು ನನ್ನೊಬ್ಬಳ ಅನುಭವ ಅಲ್ಲ. ಅದೇ ಬಾರ್ಬರಾ ವಿಲ್ಸನ್ ಮತ್ತು ಜೊತೆಯವರು ನೆನಪಿನ, ಯೋಜನೆಯ ತೊಂದರೆ ಇದ್ದ 143 ಜನರಿಗೆ ಪೇಜರ್ (ಮೆಸೇಜ್ ಬಂದರೆ ಸದ್ದು ಮಾಡಿ ತೋರಿಸುವ ಪುಟ್ಟ ಯಂತ್ರ) ಕೊಟ್ಟು, ಹೊತ್ತು ಹೊತ್ತಿಗೆ ಮೆಸೇಜ್ ಕಳಿಸಿ ನೋಡಿದ್ದರು. 2001ರಲ್ಲಿ ಅದರ ಫಲಿತಾಂಶ ಬಂತು. ಪೇಜರ್ ಇದ್ದಾಗ ಹೆಚ್ಚಿನವರು ದಿನದ ಕೆಲಸಗಳನ್ನು ಚೆನ್ನಾಗಿ ಮಾಡಿಕೊಂಡಿದ್ದರು.

ಇನ್ನು ಕೊರತೆಗಳು. ಇವು ಸಣ್ಣವಲ್ಲ.

ಮೊದಲನೆಯದು ಭಾಷೆ. ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಲ್ಲ ಇವೆ, ಕನ್ನಡ ಇಲ್ಲ. ಅಪ್ಪಯ್ಯ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಆದರೆ ಟ್ಯೂಸ್‌ಡೇ ಮತ್ತು ಥರ್ಸ್‌ಡೇ ಬಂದಾಗ ತಡವರಿಸುತ್ತಾರೆ. ಎರಡೂ ಒಂದೇ ಅಕ್ಷರದಿಂದ ಶುರು, ದೂರದಿಂದ ಒಂದೇ ಥರ ಕಾಣುತ್ತವೆ. ಗುರುವಾರವನ್ನು ಮಂಗಳವಾರ ಅಂದುಕೊಂಡರೆ ಅವರಿಗೆ ಇಡೀ ದಿನ ಗಲಿಬಿಲಿ. ಇದಕ್ಕೆ ತಮ್ಮ ಒಂದು ಉಪಾಯ ಮಾಡಿದ. ರಟ್ಟಿನಲ್ಲಿ ಏಳು ಚೀಟಿ ಕತ್ತರಿಸಿ, ಕನ್ನಡದಲ್ಲಿ ವಾರದ ಹೆಸರು ದಪ್ಪಗೆ ಬರೆದು, ಗಡಿಯಾರದ ಕೆಳಗೆ ಒಂದು ಮೊಳೆ ಹೊಡೆದ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ಅಮ್ಮ ಆ ದಿನದ ಚೀಟಿ ಸಿಕ್ಕಿಸುತ್ತಾಳೆ. ಇಷ್ಟು ದುಡ್ಡು ಕೊಟ್ಟು ತಂದ ಗಡಿಯಾರಕ್ಕೆ ನಾವೇ ರಟ್ಟಿನ ಚೀಟಿ ನೇತುಹಾಕಬೇಕಾಯಿತಲ್ಲ ಅಂತ ನನಗೆ ಬೇಜಾರಿದೆ. ಕೋಟಿಗಟ್ಟಲೆ ಜನ ಓದುವ ಭಾಷೆ ನಮ್ಮದು. ಏಳು ವಾರದ ಹೆಸರು, ಹನ್ನೆರಡು ತಿಂಗಳ ಹೆಸರು ಸೇರಿಸುವುದು ತಯಾರಿಸುವವರಿಗೆ ದೊಡ್ಡ ಕೆಲಸ ಅಲ್ಲವೇ ಅಲ್ಲ.

ಎರಡನೆಯದು ಕರೆಂಟ್. ಒಳಗೊಂದು ಚಿಕ್ಕ ಗುಂಡಗಿನ ಸೆಲ್ ಇದೆ, ಅದು ಟೈಮ್ ತಪ್ಪದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೆ. ಕರೆಂಟ್ ಹೋದರೆ ಪರದೆ ಕಪ್ಪು. ಆಷಾಢದ ಗಾಳಿಗೆ ಮರ ಬಿದ್ದರೆ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಗಡಿಯಾರ ನೋಡುವ ಅಭ್ಯಾಸ ಆದವರ ಎದುರು ಗಡಿಯಾರವೇ ಆರಿಹೋದರೆ ಮೊದಲಿಗಿಂತ ಜಾಸ್ತಿ ತಳಮಳ. ವೈಫೈ ರೂಟರ್‌ಗೆ ಇಡುತ್ತಾರಲ್ಲ, ಆ ಚಿಕ್ಕ ಯುಪಿಎಸ್ ತಂದು ಅದಕ್ಕೆ ಸಿಕ್ಕಿಸಿದೆವು. ಕೆಲವು ಗಂಟೆ ಬರುತ್ತದೆ. ಗಡಿಯಾರದ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜ್‌ಗೂ ಯುಪಿಎಸ್ ಕೊಡುವ ವೋಲ್ಟೇಜ್‌ಗೂ ಸರಿ ಇದೆಯಾ ಅಂತ ನೋಡಿ ತನ್ನಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ.

ಮೂರನೆಯದು ಔಷಧಿಯ ಅಲಾರಂ. ಹೊತ್ತಿಗೆ ಸರಿಯಾಗಿ ಮಾತ್ರೆಯ ಚಿತ್ರ ಬರುತ್ತದೆ, ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ. ಆ ದನಿಗೆ ಅಪ್ಪಯ್ಯ ಬೆಚ್ಚಿಬಿದ್ದು “ಯಾರು ಬಂದಿದ್ದು?” ಅಂತ ಬಾಗಿಲಿಗೆ ಹೋಗುತ್ತಿದ್ದರು. ದನಿ ಆಫ್ ಮಾಡಿ ಬರೀ ಗಂಟೆ ಸದ್ದು ಇಟ್ಟೆವು. ಆದರೂ ಕೆಲಸ ಆಗಲಿಲ್ಲ. ಇದು ಗಡಿಯಾರದ ತಪ್ಪಲ್ಲ. ಮಾತ್ರೆ ತಗೋಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಮಾತ್ರೆ ಡಬ್ಬಿ ಪಕ್ಕದಲ್ಲೇ ಇರುತ್ತದೆ. ಆದರೂ ಕೈ ಮುಂದೆ ಹೋಗುವುದಿಲ್ಲ, ಸುಮ್ನೆ ನೋಡುತ್ತಾ ಕೂರುತ್ತಾರೆ. ಇದನ್ನು ಸೋಮಾರಿತನ ಅಂತ ಬೈಯುವವರು ಇದ್ದಾರೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಶುರು ಮಾಡುವ ಶಕ್ತಿಯೇ ಹೋಗಿರುತ್ತದೆ. ತಲೆಪೆಟ್ಟಿನ ನಂತರ ಕೊಡುವ ಫಿಟ್ಸ್ ಮಾತ್ರೆ ತಪ್ಪಿಸುವ ಹಾಗಿಲ್ಲ. ಹಾಗಾಗಿ ಮಾತ್ರೆ ಕೊಡುವುದು ಈಗಲೂ ಅಮ್ಮನ ಕೆಲಸವೇ. ಅಲಾರಂ ನಂಬಿಕೊಂಡು ಇವರೊಬ್ಬರನ್ನೇ ಬಿಟ್ಟು ಹೋಗಬಹುದು ಅಂತ ಯಾರಾದರೂ ಕೊಳ್ಳುವುದಿದ್ದರೆ, ಬೇಡ.

ರಾತ್ರಿ ಪರದೆಯ ಬೆಳಕು ಜಾಸ್ತಿ. ತಾನಾಗೇ ಮಂಕಾಗುವ ಸೆಟ್ಟಿಂಗ್ ಇದೆ, ಅದನ್ನು ಹಾಕಿಕೊಳ್ಳಿ. ರಿಮೋಟ್ ಅವರ ಕೈಗೆ ಸಿಗದ ಹಾಗೆ ಇಡಿ. ಅಷ್ಟೆ.

ಇನ್ನೊಂದು ದಾರಿಯೂ ಇದೆ. ಮನೆಯಲ್ಲಿ ಹಳೆಯ ಟ್ಯಾಬ್ ಇದ್ದರೆ ಅದರ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ, ದೊಡ್ಡ ಅಕ್ಷರದ ಗಡಿಯಾರ ಆ್ಯಪ್ ಹಾಕಿ, ಚಾರ್ಜಿಗೆ ಹಾಕಿಯೇ ಸ್ಟ್ಯಾಂಡ್ ಮೇಲೆ ಇಡಬಹುದು. ‘ಬುಧವಾರ’ ಅಂತ ಕನ್ನಡದಲ್ಲೇ ಬರುತ್ತದೆ, ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ತಡೆಯುತ್ತದೆ. ಪಕ್ಕದೂರಿನ ಒಂದು ಮನೆಗೆ ನಾವೇ ಹೀಗೆ ಮಾಡಿಕೊಟ್ಟಿದ್ದೇವೆ. ಅವರ ಮಗನದು ಬೈಕ್ ಅಪಘಾತ. ತೊಂದರೆ ಏನೆಂದರೆ ನೋಟಿಫಿಕೇಶನ್ ಬಂದರೆ, ಯಾರಾದರೂ ಮುಟ್ಟಿದರೆ ಪರದೆ ಬದಲಾಗುತ್ತದೆ. ಗೋಡೆ ಗಡಿಯಾರದ ಹಾಗೆ ಒಂದೇ ಕಡೆ ಒಂದೇ ಥರ ಇರುವುದಿಲ್ಲ. ತಲೆಗೆ ಪೆಟ್ಟಾದವರಿಗೆ ಆ ಬದಲಾಗದೆ ಇರುವುದೇ ಮುಖ್ಯ.

ಗಡಿಯಾರಕ್ಕೆ ಸಂಬಂಧ ಇಲ್ಲದಿದ್ದರೂ ಮೂರು ಮಾತು ಸೇರಿಸುತ್ತೇನೆ. ಅಪ್ಪಯ್ಯನಿಗೆ ವಾಸನೆ ಗೊತ್ತಾಗುವುದಿಲ್ಲ. ಮೂಗಿನ ಮೇಲಿನ ಜರಡಿಯಂಥ ಎಲುಬಿನಲ್ಲಿ ಹಾದುಹೋಗುವ ಸಣ್ಣ ನರಗಳು ತಲೆ ಅಪ್ಪಳಿಸಿದಾಗ ಹರಿದುಹೋಗುತ್ತವೆ. ಹೀಗಾದವರು ಬಹಳ ಜನ ಇದ್ದಾರೆ, ಕೇಳುವವರಿಲ್ಲ. ಅವರೊಬ್ಬರೇ ಇರುವಾಗ ಗ್ಯಾಸ್ ಲೀಕ್ ಆದರೂ, ಅನ್ನ ಸೀದರೂ ತಿಳಿಯುವುದಿಲ್ಲ. ಗ್ಯಾಸ್ ಲೀಕ್ ಆದರೆ ಕೂಗುವ ಯಂತ್ರ ಹಾಕಿಸಿ. ನಿಮ್ಮ ಮನೆಯವರಿಗೆ ವಾಸನೆ ಬರುತ್ತದಾ ಅಂತ ಕಾಫಿಪುಡಿ ಹಿಡಿದು ಒಂದು ಸಲ ನೋಡಿ.

ಎರಡನೆಯದು ಅಮ್ಮಂದಿರು. ಆಸ್ಪತ್ರೆಯಲ್ಲಿ ಎಲ್ಲರೂ ರೋಗಿಯನ್ನು ಕೇಳುತ್ತಾರೆ, ಪಕ್ಕದಲ್ಲಿ ನಿಂತವಳನ್ನು ಕೇಳುವವರು ಕಮ್ಮಿ. ನಮ್ಮಮ್ಮನಿಗೆ ಬಿಪಿ ಬಂತು, ನಿದ್ದೆ ಹೋಯಿತು. ಗಂಡ ಕಣ್ಣೆದುರೇ ಇದ್ದಾನೆ, ಆದರೆ ಜೊತೆಗೆ ಕೂತು ಮಕ್ಕಳ ಮದುವೆ ವಿಷಯ, ಸಾಲದ ವಿಷಯ ಮಾತಾಡುತ್ತಿದ್ದ ಗಂಡ ಇಲ್ಲ. ಅದಕ್ಕೆ ಅಳುವ ಹಾಗೂ ಇಲ್ಲ, “ಉಳಿದಿದ್ದೇ ಪುಣ್ಯ, ಇನ್ನೇನು ಬೇಕು” ಅಂತ ಊರವರು ಬಾಯಿ ಮುಚ್ಚಿಸುತ್ತಾರೆ. ಟೆಲಿ ಮಾನಸ್ ಅಂತ ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಇದೆ, 14416. 2022ರಲ್ಲಿ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡಬಹುದು. ನಾನು ಅಮ್ಮನಿಗೆ ಫೋನ್ ಹಚ್ಚಿ ಕೊಟ್ಟು ಹೊರಗೆ ಬಂದೆ. ಅವಳು ಬಹಳ ಹೊತ್ತು ಮಾತಾಡಿದಳು.

ಮೂರನೆಯದು, ಅಡಿಕೆ ಬೆಳೆಗಾರರಿಗೆ. ಈಗ ನೆಲದ ಮೇಲೆ ನಿಂತೇ ಅಡಿಕೆ ಗೊನೆ ತೆಗೆಯುವ, ಔಷಧಿ ಹೊಡೆಯುವ ಫೈಬರ್ ದೋಟಿ (ಉದ್ದ ಕೋಲು) ಬಂದಿದೆ. ಕಲಿಸುವ ಶಿಬಿರಗಳೂ ನಡೆಯುತ್ತವೆ. ದುಬಾರಿ, ನಿಜ. ನಾಲ್ಕು ಮನೆಯವರು ಸೇರಿ ಒಂದು ತಗೊಳ್ಳಿ. ಒದ್ದೆ ಮರ ಮಾತ್ರ ಹತ್ತಬೇಡಿ.

ಗಡಿಯಾರಕ್ಕೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಕನ್ನಡ ಇದ್ದು, ಒಳಗೇ ಬ್ಯಾಟರಿ ಇದ್ದಿದ್ದರೆ ಐದೂ ಕೊಡುತ್ತಿದ್ದೆ. ಓದಲು ಬರುವ, ಎದ್ದು ಓಡಾಡುವ, ಹೊತ್ತು ವಾರ ಗೊತ್ತಾಗದೆ ಗಲಿಬಿಲಿ ಆಗುವವರಿದ್ದರೆ ತರಿಸಿ. ಇನ್ನೂ ಪೂರ್ತಿ ಎಚ್ಚರ ಬಂದಿಲ್ಲದವರಿಗೆ ಈಗಲೇ ಬೇಡ, ದುಡ್ಡನ್ನು ಫಿಸಿಯೋಥೆರಪಿಗೆ ಇಟ್ಟುಕೊಳ್ಳಿ. ಪೆಟ್ಟಿನಿಂದ ಕಣ್ಣಿನ ಒಂದು ಬದಿ ಕಾಣದೇ ಇರುವವರೂ ಇರುತ್ತಾರೆ. ಅಂಥವರಿಗೆ ಯಾವ ಬದಿ ಕಾಣುತ್ತದೆ ಅಂತ ಡಾಕ್ಟರ ಹತ್ತಿರ ಕೇಳಿ ಆ ಬದಿಯ ಗೋಡೆಗೆ ಹಾಕಿ. ಮಲಗಿದಲ್ಲಿಂದಲೇ ಕಣ್ಣಿಗೆ ಬೀಳಬೇಕು. ಮೊಳೆ ಹೊಡೆಯುವ ಮುಂಚೆ ನೀವೇ ಆ ಮಂಚದ ಮೇಲೆ ಮಲಗಿ ನೋಡಿಬಿಡಿ. ಒಮ್ಮೆ ಹಾಕಿದ ಮೇಲೆ ಜಾಗ ಬದಲಾಯಿಸಬೇಡಿ.